ಎರಡು ಬಾನಿ ಅಕ್ಕಚ್ಚು

ಆಗ ನನಗೆ ಐವತ್ತೆರಡು. ಹದಿನೆಂಟು ವರ್ಷದ ಹಿಂದಿನ ಮಾತು. ಗಂಡ ಸತ್ತು ಹನ್ನೆರಡನೇ ದಿನ ಸಂಜೆ ನಮ್ಮ ಮನೆಯ ದನ ಪಾಲು ಮಾಡಿದರು. ನಾನು ಮಕ್ಕಳಿಲ್ಲದವಳು. ನನ್ನ ಪಾಲಿಗೆ ನಾಲ್ಕಾರು ದನ ಬಂದರೆ ಇಲ್ಲೇ ಭಾವಿಕೇರಿಯಲ್ಲಿ ಗಂಡನ ಮನೆಯಲ್ಲೇ ಇರುವುದು. ಬರದಿದ್ದರೆ ಅಮದಳ್ಳಿಗೆ ಅಣ್ಣನ ಮನೆಗೆ ಹೋಗಿ ಅತ್ತಿಗೆ ಬಡಿಸಿದ್ದನ್ನು ಉಣ್ಣುವುದು. ಇಷ್ಟೇ ವಿಷಯ.

ಈಗ ಆ ದನಗಳೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಕೊಟ್ಟಿಗೆ ಇದ್ದಲ್ಲಿ ಅಕ್ಕನ ಮಗನ ರಿಕ್ಷಾ ನಿಲ್ಲುತ್ತದೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಭಾವನ, ಅಂದರೆ ಗಂಡನ ಅಣ್ಣನ, ಹೆಂಡತಿ. ಮಧ್ಯಾಹ್ನ ಉಂಡು ನಾವಿಬ್ಬರು ಜಗಲಿಯಲ್ಲಿ ಕೂತರೆ ಆ ಸಂಜೆಯ ಮಾತು ಬಂದೇ ಬರುತ್ತದೆ. ಅವಳು ಒಂದು ಹೇಳುತ್ತಾಳೆ, ನಾನೊಂದು ಹೇಳುತ್ತೇನೆ. ಅವಳ ಸೊಸೆಗೆ ಕೇಳಿ ಕೇಳಿ ಸಾಕಾಗಿ, "ಚಿಕ್ಕತ್ತೆ, ಅದನ್ನ ಒಂದು ಕಡೆ ಬರೆದಿಡಿ ಮಾರಾಯ್ರೆ, ದಿನಾ ಜಗಳ ಬೇಡ" ಅಂದಳು. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಲು ಬರುತ್ತದೆ. ಹೆಸರು ಯಾರದ್ದೂ ಬರೆಯುವುದಿಲ್ಲ. ದನಕ್ಕೂ ಹೆಸರಿದ್ದವು. ಮನುಷ್ಯರದ್ದೇ ಇಲ್ಲದ ಮೇಲೆ ಅವುಗಳದ್ದು ಯಾಕೆ.

ನಮ್ಮದು ಹಾಲಿನ ಮನೆ. ಎಮ್ಮೆ, ಆಕಳು, ಕರು ಎಲ್ಲ ಸೇರಿ ಒಂದು ಡಜನ್ ಮೇಲೆ ಇದ್ದವು. ಮಾವ ಒಂದು ಎಮ್ಮೆಯಿಂದ ಶುರು ಮಾಡಿದ್ದಂತೆ. ನಾನು ಮದುವೆಯಾಗಿ ಬರುವಾಗಲೇ ಕೊಟ್ಟಿಗೆ ಮನೆಗಿಂತ ದೊಡ್ಡದಿತ್ತು. ಗೋಡೆ ಚಿರೇಕಲ್ಲಿನದು, ಮನೆಯದ್ದು ಆಗ ಇನ್ನೂ ಮಣ್ಣಿನದು. ನನ್ನ ಅಪ್ಪ ನೋಡಿ, "ಹುಡುಗಿಯನ್ನ ಯಾವುದರಲ್ಲಿ ಇಡ್ತ್ರಿ?" ಅಂತ ಕೇಳಿದ್ದ. ಮಾವ ನಗಲಿಲ್ಲ. "ಎರಡರಲ್ಲೂ" ಅಂದರು. ಹಾಗೇ ಆಯಿತು.

ಗದ್ದೆ ಸ್ವಲ್ಪ ಇತ್ತು. ಉಪ್ಪುನೀರು ಹತ್ತುವ ಗಜನಿ ಗದ್ದೆ, ವರ್ಷಕ್ಕೆ ಒಂದೇ ಬೆಳೆ. ಅಕ್ಕಿ ನಮಗೆ, ಹುಲ್ಲು ದನಕ್ಕೆ. ಕೈಗೆ ಕಾಸು ಬರುವುದು ಹಾಲಿನಿಂದ ಮಾತ್ರ. ಗದ್ದೆ, ಹುಲ್ಲು ಭಾವನ ಕೆಲಸ. ಹಾಲನ್ನು ಸೈಕಲ್ಲಿನಲ್ಲಿ ಅಂಕೋಲೆಗೆ ಒಯ್ದು ಮನೆಮನೆಗೆ ಹಾಕುವುದು ನಮ್ಮವರ ಕೆಲಸ. ಕರೆಯುವುದು, ಸಗಣಿ ಬಾಚುವುದು, ದನದ ಕೆಳಗೆ ಒಣ ಎಲೆಯ ದರಕು ಹಾಸುವುದು ನನ್ನದು ಮತ್ತು ಅಕ್ಕನದು. ಯಾರೂ ಕೂತು ಹಂಚಿದ್ದಲ್ಲ. ಗಂಡಸರು ಹೊರಗೆ ಹೋಗುತ್ತಿದ್ದರು, ನಾವು ಉಳಿಯುತ್ತಿದ್ದೆವು.

ದನವನ್ನು ಬೆಳಿಗ್ಗೆ ಬಿಟ್ಟರೆ ಗಜನಿಯ ಏರಿ ಮೇಲೆ ಮೇಯುತ್ತ ಹೋಗಿ ಸಂಜೆ ಅವೇ ಬರುತ್ತಿದ್ದವು. ಒಂದು ಎಮ್ಮೆಗೆ ಮಾತ್ರ ಪಕ್ಕದ ಕೇಣಿಯ ಸಮುದ್ರದ ಹುಚ್ಚು. ದಂಡೆಗೆ ಹೋಗಿ ದೋಣಿಯ ನೆರಳಲ್ಲಿ ಮಲಗುತ್ತಿತ್ತು. ಮೀನು ಹೊತ್ತು ಬರುವ ಹೆಂಗಸು ನಮ್ಮ ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದಳು. "ನಿಮ್ಮ ಎಮ್ಮೆ ನಮ್ಮ ದೋಣಿ ಕಾಯ್ತಾ ಇದೆ. ಕರ್ಕೊಂಡು ಹೋಗ್ತ್ರಾ, ಇಲ್ಲ ಬಂಗಡೆ ಸಂಗಡ ಬುಟ್ಟೀಲಿ ಹಾಕಿ ತರ್ಲಾ?" ಅಕ್ಕ ಒಳಗಿಂದಲೇ, "ತಾ, ತೂಕ ಮಾಡಿ ತಾ" ಅನ್ನುತ್ತಿದ್ದಳು. ಮಾವ ಕೋಲು ಹಿಡಿದು ಹೊರಡುತ್ತಿದ್ದರು. ಆ ಕೋಲಿನಿಂದ ಅವರು ಯಾವ ದನಕ್ಕೂ ಹೊಡೆದದ್ದು ನಾನು ಕಂಡಿಲ್ಲ. ಗಂಡುಮಕ್ಕಳಿಗೆ ಹೊಡೆದದ್ದು ಕಂಡಿದ್ದೇನೆ.

ಸಂಜೆ ದನ ಬರುವ ಹೊತ್ತಿಗೆ ಅಂಗಳದ ಎರಡು ಕೊನೆಗೆ ಎರಡು ಸಿಮೆಂಟಿನ ಬಾನಿ ತುಂಬಿರಬೇಕು. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ಬೂಸಾ, ನೆನೆಸಿದ ಹಿಂಡಿ, ಒಂದು ಮುಷ್ಟಿ ಉಪ್ಪು. ಅದೇ ಅಕ್ಕಚ್ಚು. ಒಂದು ಬಾನಿಯ ಹತ್ತಿರ ಅಕ್ಕ, ಇನ್ನೊಂದರ ಹತ್ತಿರ ನಾನು. ಅರ್ಧ ಅಲ್ಲಿ ಬಾಯಿ ಹಾಕುತ್ತಿದ್ದವು, ಅರ್ಧ ಇಲ್ಲಿ. ಕುಡಿದಾದ ಮೇಲೆ ಕೊಟ್ಟಿಗೆಗೆ ಎಳೆದು ಕಣ್ಣಿ ಕಟ್ಟುವುದು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಆ ವರ್ಷ ಮಳೆ ನಿಂತು ಗದ್ದೆ ಕೊಯ್ಯುವ ಮೊದಲು ನಮ್ಮವರು ಸತ್ತರು. ಬೆಳಿಗ್ಗೆ ಎರಡೂ ಕ್ಯಾನನ್ನು ಸೈಕಲ್ಲಿಗೆ ಕಟ್ಟಿದರು. ಹಗ್ಗ ಸಡಿಲ ಆಯಿತು ಅಂತ ಬಿಚ್ಚಿ ಮತ್ತೆ ಕಟ್ಟಿದರು. "ಎದೆಯಲ್ಲಿ ಎಂತದೋ ಹಿಡ್ದ ಹಾಂಗೆ ಆಗ್ತದೆ" ಅಂದರು. "ಕೂತ್ಕಳಿ, ನೀರು ತರ್ತೆ" ಅಂದೆ. ಮೆಟ್ಟಿಲ ಮೇಲೆ ಕೂತರು. ನಾನು ನೀರು ತಂದೆ. ಕುಡಿಯುವವರು ಇರಲಿಲ್ಲ. ತಂಬಿಗೆ ಕೆಳಗಿಟ್ಟು ಅಕ್ಕನನ್ನು ಕರೆದೆ. ಆ ದಿನ ಅಂಕೋಲೆಗೆ ಹಾಲು ಹೋಗಲಿಲ್ಲ.

ನಾನು ಅಳಲಿಲ್ಲ. ಹೆಂಗಸರು ಬಂದು ಬೆನ್ನು ಸವರಿದರು. ಅತ್ತರೆ ಹಗುರ ಆಗ್ತದೆ ಅಂದರು. ನನಗೆ ಭಾರವೂ ಇರಲಿಲ್ಲ. ಕಾಲು ಜೋಮು ಹಿಡಿದರೆ ಇದು ನಮ್ಮದೇ ಕಾಲೋ ಅಲ್ಲವೋ ಅಂತ ಮುಟ್ಟಿ ನೋಡುತ್ತೇವಲ್ಲ, ಮೈಯೆಲ್ಲ ಹಾಗಿತ್ತು. ಬಳೆ ತೆಗೆಯುವಾಗ ಒಂದು ಚೂರು ಕೈಗೆ ಚುಚ್ಚಿ ರಕ್ತ ಬಂತು. ಬೇರೆಯವರು ಅಯ್ಯೋ ಅಂದರು. ನಾನು ನೋಡಿದೆ, ಸೆರಗಿನಿಂದ ಒರೆಸಿದೆ.

ಸೂತಕದ ದಿನಗಳಲ್ಲಿ ನನ್ನನ್ನು ಒಳಕೋಣೆಯಲ್ಲಿ ಕೂರಿಸಿದರು. ಗಂಡ ಸತ್ತವಳು ಕೊಟ್ಟಿಗೆ ಕಡೆ ಹೋಗಬಾರದು ಅಂತ ಕಟ್ಟಳೆ. ಅಕ್ಕ ಒಬ್ಬಳೇ ಎಲ್ಲ ಮಾಡಿದಳು. ಎರಡು ಬಾನಿಗೂ ಅವಳೇ ಸುರಿಯುವುದು, ಅವಳೇ ಕರೆಯುವುದು. ಸೂತಕದ ಮನೆಯ ಹಾಲನ್ನು ಯಾರೂ ಕೊಳ್ಳುವುದಿಲ್ಲ. ಹೊಟ್ಟೆ ಬಿರಿಯುವಷ್ಟು ಕರುಗಳಿಗೆ ಬಿಟ್ಟು ಉಳಿದದ್ದನ್ನು ತೆಂಗಿನ ಬುಡಕ್ಕೆ ಹೊಯ್ದರು. ನಾನು ಕೋಣೆಯಲ್ಲಿ ಕೂತು ಎಮ್ಮೆ ಕೂಗುವುದನ್ನು ಕೇಳುತ್ತಿದ್ದೆ. ಯಾವುದು ಕೂಗಿತು ಅಂತ ಗೊತ್ತಾಗುತ್ತಿತ್ತು. ಅದರಿಂದ ಏನೂ ಆಗಬೇಕಾದ್ದಿರಲಿಲ್ಲ.

ಹನ್ನೆರಡನೇ ದಿನ ಊಟಕ್ಕೆ ಊರವರು ಬಂದರು. ಅಣ್ಣ ಅಮದಳ್ಳಿಯಿಂದ ತವರಿನ ಸೀರೆ ತಂದ. ಆ ದಿನ ತವರಿನವರು ಕೊಟ್ಟ ಸೀರೆ ಉಟ್ಟು ಕೋಣೆಯಿಂದ ಹೊರಗೆ ಬರಬೇಕು. ಕಂದು ಬಣ್ಣದ್ದು. ಅಂಗಡಿಯಿಂದ ತಂದದ್ದಲ್ಲ, ಅತ್ತಿಗೆ ಉಡದೆ ಟ್ರಂಕಿನಲ್ಲಿ ಇಟ್ಟಿದ್ದು. ಮಡಿಕೆ ಬಿಚ್ಚಿದರೆ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. "ಚಲೋ ಸೀರೆ" ಅಂದ ಅಣ್ಣ. "ಹೌದು" ಅಂದೆ. ಉಟ್ಟೆ.

ಊಟ ಆದ ಮೇಲೆ ಮಾವ ಜಗಲಿಯಲ್ಲಿ ಕೂತು ಕೇರಿಯ ಇಬ್ಬರು ಹಿರಿಯರನ್ನು ನಿಲ್ಲಿಸಿಕೊಂಡರು. ಮಾವ ಎಂಬತ್ತು ದಾಟಿದವರು. ಮಗ ಸತ್ತ ಮೇಲೆ ಅವರ ಕುತ್ತಿಗೆ ಅಲುಗುತ್ತಿತ್ತು. "ನಾನು ಇರುವಾಗಲೇ ಇವಳದ್ದು ಇವಳಿಗೆ ಮಾಡಿ ಹೋಗ್ತೆ" ಅಂದರು. "ನಾಳೆ ಯಾರ ಕೈ ನೋಡೋದೂ ಬೇಡ. ಮನೆ ಹೇಗೂ ಎರಡು ಒಲೆ. ಗದ್ದೆ ಅಳೆದು ಕೊಡ್ತೆ. ದನ ಇವತ್ತೇ."

ಗದ್ದೆಯ ಹಾಗೆ ದನವನ್ನು ಅಳೆಯಲು ಬರುವುದಿಲ್ಲ. ಒಂದು ಹೆಚ್ಚು ಹಾಲು ಕೊಡುತ್ತದೆ, ಒಂದು ಕಡಿಮೆ, ಒಂದು ಗಬ್ಬ ಇರುತ್ತದೆ, ಒಂದು ಒದೆಯುತ್ತದೆ. ಕೈಯಿಂದ ಆರಿಸಿ ಕೊಟ್ಟರೆ ಸಾಯುವ ತನಕ ಮಾತು ಉಳಿಯುತ್ತದೆ. ಅದಕ್ಕೆ ಆ ಮನೆತನದಲ್ಲಿ ಒಂದು ಕ್ರಮ ಇತ್ತು. ಮಾವ ಮತ್ತು ಅವರ ತಮ್ಮ ಬೇರೆ ಆದಾಗಲೂ ಹಾಗೇ ಮಾಡಿದ್ದಂತೆ. ಸಂಜೆ ಎರಡು ಬಾನಿಗೂ ಒಂದೇ ಅಕ್ಕಚ್ಚು ತುಂಬಬೇಕು. ಎರಡು ಪಾಲಿನ ಹೆಂಗಸರು ಒಂದೊಂದರ ಹಿಂದೆ ನಿಲ್ಲಬೇಕು. ಹೆಸರು ಹಿಡಿದು ಕರೆಯಬಾರದು, ಮುಟ್ಟಬಾರದು. ದನ ಯಾವ ಬಾನಿಗೆ ಬಾಯಿ ಹಾಕಿತೋ ಆ ಪಾಲಿಗೆ. ಕರು ತಾಯಿಯ ಸಂಗಡ. ಆ ಮೇಲೆ ಯಾರೂ ಮಾತಾಡಬಾರದು.

ಎಲ್ಲರಿಗೂ ಸಮ ಅನಿಸಿತು. ಅಕ್ಕನಿಗೂ, ನನಗೂ. ದಿನಾ ಅರ್ಧ ಅಲ್ಲಿ, ಅರ್ಧ ಇಲ್ಲಿ ಕುಡಿಯುತ್ತಿದ್ದವು, ಇವತ್ತೂ ಹಾಗೇ ಆಗುತ್ತದೆ ಅಂತ ಅಂದುಕೊಂಡೆವು. ಅಣ್ಣ ಮಾತ್ರ, "ದನ ನಿನ್ನ ಪಾಲಿಗೆ ಬಂದರೆ ಕಷ್ಟ, ತಂಗಿ. ಒಬ್ಬಳೇ ಏನು ಮಾಡ್ತಿ? ನಮ್ಮಲ್ಲಿ ಕಾಲನಿಯಲ್ಲಿ ದನ ಕಟ್ಟಲಿಕ್ಕೂ ಜಾಗ ಇಲ್ಲ" ಅಂದ. ಅವರ ಹಳೆಯ ಮನೆ, ಗದ್ದೆ ಎಲ್ಲ ನೌಕಾನೆಲೆಗೆ ಹೋಗಿ ಸರ್ಕಾರ ಕೊಟ್ಟ ಕಾಲನಿಯಲ್ಲಿ ಇದ್ದರು. ನಾನು ಅಲ್ಲಿಗೆ ಬಂದೇ ಬರುತ್ತೇನೆ ಅಂತ ಅವನು ಗಟ್ಟಿ ಮಾಡಿಕೊಂಡಿದ್ದ.

ದನ ಬಂದವು. ಮುಂದೆ ಯಾವಾಗಲೂ ಬರುವ ದೊಡ್ಡ ಎಮ್ಮೆ ಅಂಗಳದ ನಡುವೆ ನಿಂತು ನನ್ನ ಕಡೆ ಮುಖ ಮಾಡಿತು. ಅದು ದಿನಾ ನನ್ನ ಬಾನಿಯದು. ಎರಡು ಹೆಜ್ಜೆ ಬಂತು. ಮೂಗು ಎತ್ತಿತು. ಉಸಿರು ಜೋರಾಗಿ ಬಿಟ್ಟು ತಲೆ ಕೊಡವಿ ಹಿಂದೆ ಸರಿಯಿತು. ತಿರುಗಿ ಅಕ್ಕನ ಬಾನಿಗೆ ಹೋಯಿತು. ಅದರ ಹಿಂದೆ ಉಳಿದ ಎಮ್ಮೆಗಳು ಹೋದವು. ಒಂದು ಕೆಂಪು ಆಕಳು ನನ್ನ ಬಾನಿಯ ಅಂಚಿನ ತನಕ ಬಂದು ನನ್ನ ಸೆರಗು ಮೂಸಿ ಹೆದರಿದ ಹಾಗೆ ಹಾರಿ ಹೋಯಿತು. ಅಕ್ಕನ ಬಾನಿಯಲ್ಲಿ ಜಾಗ ಇಲ್ಲದೆ ಒಂದಕ್ಕೊಂದು ಕೋಡು ಕೊಟ್ಟವು. ನನ್ನ ಬಾನಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮೇಲೆ ಬೂಸಾ ತೇಲುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

ಅಕ್ಕನಿಗೆ ತಡೆಯಲಿಲ್ಲ. "ಅಲ್ಲಿ ಹೋಗ್ರೇ ಸಾಯ್ಲಿಕ್ಕೆ! ಅಲ್ಲೂ ಅದೇ ಇದೆ!" ಅಂತ ಒಂದು ಎಮ್ಮೆಯ ಮೂತಿಯನ್ನು ದೂಡಿದಳು.

"ಮುಟ್ಟಬೇಡ" ಅಂದರು ಮಾವ.

"ಮಾವಾ, ಇದೆಂತಾ ಪಾಲು? ಅವಳ ಸೀರೆ ವಾಸನೆ ನನಗೇ ಇಲ್ಲಿ ತನಕ ಬರ್ತದೆ. ಟ್ರಂಕ್ ಬಾಯಿ ತೆರೆದು ನಿಂತ ಹಾಂಗೆ ನಿಂತಿದ್ದಾಳೆ. ದನ ಹೆದರೋದಿಲ್ವಾ?"

ಹಿರಿಯರಲ್ಲಿ ಒಬ್ಬರು ಎಲೆ ಉಗಿದು, "ಸೀರೆ ಅಲ್ಲ ತಂಗಿ. ದನಕ್ಕೆ ತಿಳೀತದೆ. ಗಂಡ ಹೋದವಳ ಹತ್ತಿರ ಲಕ್ಷ್ಮಿ ಹೋಗೋದಿಲ್ಲ" ಅಂದರು.

"ಮೊನ್ನೆ ಇದೇ ಲಕ್ಷ್ಮಿ ನಿಮ್ಮ ಹಿತ್ತಲ ಬದನೆ ಮೇಯುವಾಗ ಎಂತಾ ಬೈಗಳ ಬೈದ್ರಿ, ಹೇಳ್ಲಾ ಇಲ್ಲಿ?" ಅಂದಳು ಅಕ್ಕ.

ಇನ್ನೊಬ್ಬ ಹಿರಿಯರು ನಕ್ಕರು. ನಕ್ಕದ್ದು ಸರಿಯಾಗಲಿಲ್ಲ ಅಂತ ಕೆಮ್ಮಿದರು. ಅಕ್ಕ ಭಾವನ ಕಡೆ ನೋಡಿದಳು, ಏನಾದರೂ ಹೇಳಿ ಅಂತ. ಭಾವ ತೆಂಗಿನ ಮರ ನೋಡುತ್ತಿದ್ದರು. ಕೆಟ್ಟವರಲ್ಲ. ಮಾತಾಡದಿದ್ದರೆ ಅವರಿಗೆ ಲಾಭ ಇತ್ತು, ಮಾತಾಡಲಿಲ್ಲ.

ಕಡೆಗೆ ಒಂದು ಕರು ನನ್ನ ಬಾನಿಗೆ ಬಂತು ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ. ಬರಲಿಲ್ಲ. ಬಂದಿದ್ದರೆ ನನಗೆ ಗೊತ್ತಿರುತ್ತಿತ್ತು. ನಮ್ಮ ಜಗಳ ಇದರದ್ದೇ. ದನ ಬಾರದ್ದಕ್ಕೆ ಕಾರಣ ಸೀರೆ ಅಂತ ಅವಳು. ಬಳೆಯ ಸದ್ದು ಇಲ್ಲದೆ ದನಕ್ಕೆ ಗುರುತು ಹತ್ತಲಿಲ್ಲ ಅಂತ ಭಾವ ಸಾಯುವ ಮೊದಲು ಒಮ್ಮೆ ಹೇಳಿದ್ದರು. ನಾನು ಹೇಳುವುದು ಬೇರೆ. ದನಕ್ಕೆ ಹೊಟ್ಟೆ ಇದೆ. ಸೂತಕ ಮುಗಿಯುವ ತನಕ ಯಾರು ಅಕ್ಕಚ್ಚು ಕೊಟ್ಟರೋ ಅವಳ ಹತ್ತಿರ ಹೋದವು. ಅದರಲ್ಲಿ ಪ್ರೀತಿಯೂ ಇಲ್ಲ, ಅಪಶಕುನವೂ ಇಲ್ಲ. ಪಾಲನ್ನು ಒಂದು ವಾರ ಬಿಟ್ಟು ಇಟ್ಟಿದ್ದರೆ ಬೇರೆ ಆಗುತ್ತಿತ್ತು. ಯಾರಿಗೂ ಹೊಳೆಯಲಿಲ್ಲ. ದನದ ಜೊತೆಗೇ ಹುಟ್ಟಿ ದನದ ಜೊತೆಗೇ ಮುದುಕರಾದವರು ಅಷ್ಟು ಜನ ಅಲ್ಲಿದ್ದೆವು.

ಮಾವ ಎದ್ದು ನಿಂತರು. ಕುತ್ತಿಗೆ ಜೋರಾಗಿ ಅಲುಗುತ್ತಿತ್ತು. ನನ್ನ ಕಡೆ ನೋಡಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಇದಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಹಿರಿಯರನ್ನು ನಿಲ್ಲಿಸಿ ಆಡಿದ ಮಾತು. ಸ್ವಂತ ತಮ್ಮನಿಗೆ ಅದೇ ಕ್ರಮದಲ್ಲಿ ಕೊಟ್ಟವರು, ಸೊಸೆಗೆ ಅಂತ ಬದಲು ಮಾಡಿದರೆ ಆ ತಮ್ಮನ ಮಕ್ಕಳು ನಾಳೆ ಬಾಗಿಲಿಗೆ ಬರುತ್ತಾರೆ. "ಆದದ್ದು ಆಯ್ತು" ಅಂತ ಒಳಗೆ ಹೋದರು. ಊಟ ಬೇಡ ಅಂದರು.

ನನ್ನ ಬಾನಿಯ ಅಕ್ಕಚ್ಚನ್ನು ಬಕೆಟಿನಲ್ಲಿ ಗೋರಿ ಅಕ್ಕನ ಬಾನಿಗೆ ನಾನೇ ಹೊಯ್ದೆ. ಹಿಂಡಿ ಹಾಳು ಮಾಡುವುದು ಯಾಕೆ. ದನ ಕುಡಿದವು. ಆಗಲೂ ನನ್ನಿಂದ ದೂರ ಸರಿದೇ ಕುಡಿದವು.

ಅಣ್ಣ ದೀಪ ಹಚ್ಚುವ ಹೊತ್ತಿಗೆ ನನ್ನ ಹತ್ತಿರ ಬಂದು ಕೂತ. "ದೇವರೇ ದಾರಿ ಮಾಡಿದ ತಂಗಿ. ನಿನಗೂ ಹಗ್ಗ ಕಳಚಿತು. ಬೆಳಿಗ್ಗೆ ಬಸ್ಸಿಗೆ ಹೊರಡುವಾ. ಬಟ್ಟೆ ಕಟ್ಟಿಕೋ."

"ಅಲ್ಲಿ ನಾನು ಎಂತಾ ಮಾಡೋದು?" ಅಂತ ಕೇಳಿದೆ.

"ಮಾಡೋದು ಎಂತಾ? ಕೂತು ಉಣ್ಣು. ಮನೆಯಲ್ಲಿ ಸಣ್ಣಪುಟ್ಟ ಕೆಲಸ ಇದ್ದೇ ಇರ್ತದೆ. ನಿನ್ನ ಅತ್ತಿಗೆಗೆ ಸೊಂಟ ನೋವು."

ನನಗೆ ಬೇಜಾರೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಅಣ್ಣನ ಬಾಯಿ ಅಲ್ಲಾಡುವುದು ಕಾಣುತ್ತಿತ್ತು. ಹೂಂ ಅಂದೆನೋ ಏನೋ, ಅವನು ಸಮಾಧಾನದಿಂದ ಎದ್ದು ಹೋದ.

ಅಕ್ಕ ಗಂಜಿ ತಂದಿಟ್ಟಳು. ಸಂಗಡ ಒಂದು ತುಂಡು ಮಾವಿನ ಉಪ್ಪಿನಕಾಯಿ. "ನಾಳೆ ನನ್ನ ಹಳೆ ಸೀರೆ ಉಟ್ಟು ನಿಲ್ಲು. ಮಾವನಿಗೆ ನಾ ಹೇಳ್ತೆ" ಅಂದಳು.

"ಕೇಳೋದಿಲ್ಲ ಅವರು."

"ಹಂಗಾರೆ ನಾಲ್ಕು ದನ ಸುಮ್ಮನೆ ಬಿಚ್ಚಿಕೊಂಡು ಹೋಗೇ. ನಾ ನೋಡಿಲ್ಲ ಅಂದ್ಬಿಡ್ತೆ."

"ಭಾವ?"

ಅವಳು ಗಂಜಿಯ ತಟ್ಟೆಯನ್ನು ನನ್ನ ಹತ್ತಿರ ಸರಿಸಿದಳು. "ನೀನು ಅತ್ತರಾದರೂ ಅವರಿಗೆ ಕೇಳ್ತಿತ್ತು. ಕಲ್ಲು ನಿಂತ ಹಾಂಗೆ ನಿಂತಿದ್ದೆ ಮಳ್ಳಿ" ಅಂದು ತಾನೇ ಅತ್ತಳು. ನಾನು ಗಂಜಿ ಉಂಡೆ. ಉಪ್ಪಿನಕಾಯಿ ಹುಳಿ ಅಂತ ಗೊತ್ತಾಗಲಿಲ್ಲ.

ಬೆಳಿಗ್ಗೆ ಕೋಳಿ ಕೂಗುವಾಗ ಎದ್ದೆ. ಎದ್ದು ಎಲ್ಲಿಗೆ ಅಂತ ಯೋಚನೆ ಮಾಡಿದ್ದಲ್ಲ. ಆ ಹೊತ್ತಿಗೆ ಏಳುವ ಮೈ, ಎದ್ದಿತು. ಕೊಟ್ಟಿಗೆಗೆ ಉಡುವ ಸೀರೆ ಉಟ್ಟು ಹೋದೆ. ಅಕ್ಕ ಆಗಲೇ ಒಂದು ಎಮ್ಮೆಯ ಕೆಳಗೆ ಕೂತಿದ್ದಳು. ಅಷ್ಟು ದಿನ ಒಬ್ಬಳೇ ಕರೆದು ಅವಳ ಹೆಬ್ಬೆರಳು ಬಾತಿತ್ತು. ನನ್ನನ್ನು ನೋಡಿ ಚೊಂಬು ಈ ಕಡೆ ದೂಡಿದಳು. ನಾನು ದೊಡ್ಡ ಎಮ್ಮೆಯ ಕೆಳಗೆ ಕೂತೆ. ಕೆಚ್ಚಲಿಗೆ ನೀರು ಹಾಕಿ ಒರೆಸಿದೆ. ಹಾಲು ಇಳಿಸಿತು. ನಿನ್ನೆ ಸಂಜೆ ಬೇಡವಾದವಳಿಗೆ ಇವತ್ತು ಬೆಳಿಗ್ಗೆ ಹಾಲು ಇಳಿಸಿತು. ಅದಕ್ಕೆ ಬೈಯಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಒಂದಾದ ಮೇಲೆ ಒಂದು ಕರೆದೆ.

ಎರಡು ಕ್ಯಾನ್ ತುಂಬಿತು. ಸೂತಕ ಕಳೆದಿತ್ತು, ಹಾಲು ಪೇಟೆಗೆ ಹೋಗಬೇಕು. ಭಾವ ಸೈಕಲ್ ತಂದು ನಿಲ್ಲಿಸಿದರು. ಕ್ಯಾನ್ ಎತ್ತಿದರು. ಎತ್ತಿ ಹಾಗೇ ನಿಂತರು.

"ಯಾರ್ಯಾರ ಮನೆಗೆ?" ಅಂತ ಅಕ್ಕನನ್ನು ಕೇಳಿದರು.

"ನನಗೇನು ಗೊತ್ತು? ನಾನು ಪೇಟೆ ತಿರುಗಿದವಳಾ?" ಅಂದಳು ಅಕ್ಕ.

ನಮ್ಮವರಿಗೆ ಜ್ವರ ಬಂದಾಗಲೆಲ್ಲ ನಾನೇ ಬಸ್ಸಿನಲ್ಲಿ ಕ್ಯಾನ್ ಹಾಕಿಕೊಂಡು ಹೋಗುತ್ತಿದ್ದೆ. ಮನೆಗಳು ನನಗೆ ಗೊತ್ತಿದ್ದವು. "ನಾನು ಒಯ್ತೆ" ಅಂದೆ.

ಭಾವ ನನ್ನ ಬರೀ ಕೈ ನೋಡಿದರು, ಹಣೆ ನೋಡಿದರು. "ಬೆಳಿಗ್ಗೆ ಎದ್ದ ಕೂಡಲೇ ಜನರ ಬಾಗಿಲಿಗೆ ನೀನು ಹೋಗಿ ನಿಂತರೆ..." ಅಂದು ಬಿಟ್ಟರು.

"ನಿಂತರೆ ಎಂತಾ?"

"ಅವರು ಎಂತಾ ಅಂದುಕೊಳ್ತ್ರು?"

"ಹಾಲು ಬಂತು ಅಂದುಕೊಳ್ತ್ರು" ಅಂದೆ. "ದನ ನಿಮ್ಮದು. ಅದಕ್ಕೆ ತಕರಾರು ತೆಗೆದವಳಲ್ಲ ನಾನು. ಒಯ್ದು ಹಾಕುವುದು ನಮ್ಮವರ ಕೆಲಸ. ಅದನ್ನು ನಿನ್ನೆ ಯಾರೂ ಬಾನಿಯ ಮುಂದೆ ಇಟ್ಟು ಪಾಲು ಮಾಡಲಿಲ್ಲ. ಅದು ನನಗೆ ಇರಲಿ. ಬಂದದ್ದರಲ್ಲಿ ಅರ್ಧ ನಿಮಗೆ, ಅರ್ಧ ನನಗೆ."

ಅಷ್ಟು ಉದ್ದ ನಾನು ಭಾವನ ಎದುರು ಮಾತಾಡಿದ್ದು ಅದೇ ಮೊದಲು. ಭಾವ ಒಳಗೆ ನೋಡಿದರು. ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೇಳಿಸಿಕೊಂಡಿದ್ದರು. "ಒಯ್ಯಲಿ" ಅಂದರು. ಕ್ರಮದಲ್ಲಿ ಇಲ್ಲದ್ದರ ಬಗ್ಗೆ ಮಾತಾಡಲು ಅವರಿಗೆ ಅಡ್ಡಿ ಇರಲಿಲ್ಲ.

ಅಣ್ಣ ಚೀಲ ಹಿಡಿದು ರಸ್ತೆಯಲ್ಲಿ ಕಾಯುತ್ತಿದ್ದ. ಭಾವ ಸೈಕಲ್ಲಿನಲ್ಲಿ ಎರಡೂ ಕ್ಯಾನ್ ಅಲ್ಲಿ ತನಕ ತಂದು ಬಸ್ಸಿಗೆ ಏರಿಸಿದರು. ನಾನು ಹತ್ತಿದೆ. ಅಣ್ಣ ನನಗೆ ಕಿಟಕಿಯ ಹತ್ತಿರ ಜಾಗ ಬಿಟ್ಟ. "ಬಟ್ಟೆಗಂಟು ಎಲ್ಲಿ? ಈ ಹಾಲು ಯಾಕೆ?" ಅಂತ ಕೇಳಿದ. ನಾನು ಹೇಳಿದೆ. ಅವನು ಅಂಕೋಲೆ ಬರುವ ತನಕ ಏನೇನೋ ಅಂದ. ಊರು ನಗ್ತದೆ ಅಂದ. ಅತ್ತಿಗೆ ಕೋಣೆ ಗುಡಿಸಿ ಇಟ್ಟಿದ್ದಾಳೆ ಅಂದ. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಒಂದು ಕ್ಯಾನ್ ಇಳಿಸಿಕೊಟ್ಟ. ಅಮದಳ್ಳಿ ಮೇಲೆ ಹೋಗುವ ಕಾರವಾರದ ಬಸ್ ಬಂತು. ಹತ್ತಿ ಕೂತು ನನ್ನ ಕಡೆ ನೋಡಲಿಲ್ಲ. ನಾನು ಬಸ್ ಹೋಗುವ ತನಕ ನಿಂತೆ. ಅಷ್ಟಾದರೂ ಮಾಡಬೇಕಲ್ಲ.

ಒಂದು ಕ್ಯಾನನ್ನು ಪರಿಚಯದ ಚಹಾ ಅಂಗಡಿಯಲ್ಲಿ ಇಟ್ಟು ಇನ್ನೊಂದನ್ನು ಸಿಂಬೆ ಇಟ್ಟು ತಲೆ ಮೇಲೆ ಹೊತ್ತೆ. ಮೊದಲನೇ ಮನೆಯ ಗೇಟು ತೆಗೆದೆ. ಅವರು ಅಷ್ಟು ದಿನ ಪ್ಯಾಕೆಟ್ ಹಾಲು ತಂದು ನಡೆಸಿದ್ದರು. ಮೆಟ್ಟಿಲ ಮೇಲೆ ಅವತ್ತಿನ ಪ್ಯಾಕೆಟ್ ಬಿದ್ದಿತ್ತು. "ಹಾಲು" ಅಂತ ಕೂಗಿದೆ. ಆ ಮನೆಯ ಹೆಂಗಸು ರಂಗೋಲಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದಳು. ನನ್ನನ್ನು ನೋಡಿದಳು. ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೋ ಅಂತ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

"ಪಾತ್ರೆ ತನ್ನಿ" ಅಂದೆ.

ರಂಗೋಲಿ ಕೈಯನ್ನು ಸೆರಗಿಗೆ ಒರೆಸಿದಳು. ಆಮೇಲೆ ಒಳಗೆ ಹೋಗಿ ಪಾತ್ರೆ ತಂದಳು. ಅಳೆದು ಹೊಯ್ದು ಮುಂದಿನ ಮನೆಗೆ ಹೋದೆ.